ಜೀಪಿಗೆ ಬಾವುಟ ಅಂಟಿಸುವ ಮೊದಲು

ಮಡಿಕೇರಿಯಲ್ಲಿ ನನ್ನದು ಸ್ಟಿಕ್ಕರ್ ಅಂಗಡಿ. ನಂಬರ್ ಪ್ಲೇಟ್, ರೇಡಿಯಂ, ಫ್ಲೆಕ್ಸ್, ಜೀಪಿನ ಗ್ಲಾಸಿಗೆ ಮನೆತನದ ಹೆಸರು. 18 ವರ್ಷದಿಂದ ಇದೇ ಕೆಲಸ. ಯಾರಾದರೂ ಮೊಬೈಲ್ ತೋರಿಸಿ "ಅಣ್ಣ, ಇದನ್ನು ಕಟ್ ಮಾಡಿ ಕೊಡಿ" ಅಂದರೆ ಮೊದಲೆಲ್ಲ ಸೈಜ್ ಎಷ್ಟು ಅಂತ ಮಾತ್ರ ಕೇಳುತ್ತಿದ್ದೆ. ಈಗ ಇನ್ನೂ ನಾಲ್ಕು ಮಾತು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಪರವಾಗಿಲ್ಲ. ಅಂಗಡಿಗೆ ಬರುವ ಮೊದಲು ಮನೆಯಲ್ಲೇ ಈ ಪ್ರಶ್ನೆಗಳನ್ನು ಕೇಳಿಕೊಂಡರೆ ಇಬ್ಬರಿಗೂ ಟೈಮ್ ಉಳಿಯುತ್ತದೆ.

ಇದೆಲ್ಲ ಶುರುವಾಗಿದ್ದು ಒಂದು ಹಾವಿನಿಂದ. ಸುಂಟಿಕೊಪ್ಪ ಕಡೆಯ ಹುಡುಗನೊಬ್ಬ ಮೂರು ವರ್ಷದ ಹಿಂದೆ ಹೊಸ ಥಾರ್ ತಂದ. ತೋಟ ಇದೆ, ಹೋಂಸ್ಟೇ ಇದೆ. ಅವನ ಮೊಬೈಲಿನಲ್ಲಿ ಒಂದು ಹಳದಿ ಬಾವುಟ. ನಡುವೆ ಸುರುಳಿ ಸುತ್ತಿ ತಲೆ ಎತ್ತಿದ ಹಾವು, ಕೆಳಗೆ ಇಂಗ್ಲಿಷಲ್ಲಿ "ನನ್ನನ್ನು ತುಳಿಯಬೇಡ" ಅಂತ ಬರಹ. ಬಾನೆಟ್ಟಿನ ಎಡಕ್ಕೆ ಒಂದೂವರೆ ಅಡಿ ಬೇಕು ಅಂದ. ಚೆನ್ನಾಗಿದೆಯಲ್ಲ ಅಂತ ನಾನೂ ಕಟ್ ಮಾಡಿದೆ. ಬಾಲದ ತುದಿಯ ಗಿಲಕಿ ಹರಿಯದ ಹಾಗೆ ಬಿಡಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಪಕ್ಕದ ಮನೆಯ ಅಜ್ಜ ಬಂದು ನೋಡಿ, "ಇದೆಂತ ಮಾರಾಯ, ಸುಬ್ರಹ್ಮಣ್ಯಕ್ಕೆ ಹರಕೆಯಾ?" ಅಂದರು. ಅರಿಶಿನದ ಬಣ್ಣ, ಮೇಲೆ ಹಾವು. ನಮ್ಮ ಕಡೆಯವರಿಗೆ ಬೇರೆ ಏನು ನೆನಪಾಗಬೇಕು, ಅಲ್ವಾ?

ಆರು ತಿಂಗಳು ಬಿಟ್ಟು ಹುಡುಗನ ಫೋನ್. ಹೋಂಸ್ಟೇಗೆ ಬಂದ ಅಮೆರಿಕದ ಗಂಡ ಹೆಂಡತಿ ಜೀಪು ನೋಡಿ ಮುಖ ಸಪ್ಪೆ ಮಾಡಿದರಂತೆ. "ನೀನೂ ಅವರ ಕಡೆಯವನಾ?" ಅಂದರಂತೆ. "ಯಾರ ಕಡೆ ಅಣ್ಣ?" ಅಂತ ಅವನು ನನ್ನನ್ನು ಕೇಳಿದ. ನನಗೆಂತ ಗೊತ್ತು? ಅವತ್ತು ರಾತ್ರಿ ಕೂತು ಓದಿದೆ.

ಹಾಗಾಗಿ ಮೊದಲ ಕೆಲಸ ಇದು. ಚಿತ್ರ ಹುಟ್ಟಿದ್ದು ಯಾವಾಗ ಅಂತ ನೋಡಿ ಸುಮ್ಮನಾಗಬೇಡಿ. ಆಮೇಲೆ ಅದು ಯಾರ್ಯಾರ ಕೈ ದಾಟಿತು ಅಂತಲೂ ನೋಡಿ. ಈ ಹಾವನ್ನೇ ತೆಗೆದುಕೊಳ್ಳಿ. 1754ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಪತ್ರಿಕೆಯಲ್ಲಿ ಎಂಟು ತುಂಡಾದ ಹಾವಿನ ಚಿತ್ರ ಹಾಕಿದ. ಒಂದಾಗಿ, ಇಲ್ಲವಾದರೆ ಸಾಯುತ್ತೀರಿ ಅಂತ ಅದರ ಅರ್ಥ. ಆಗ ಎದುರಾಳಿ ಫ್ರೆಂಚರು. ಅಮೆರಿಕದವರು ಇನ್ನೂ ಇಂಗ್ಲೆಂಡಿನ ರಾಜನ ಪ್ರಜೆಗಳೇ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಹಾವು ಇಂಗ್ಲೆಂಡಿನ ವಿರುದ್ಧ ತಿರುಗಿತ್ತು. 1775ರಲ್ಲಿ ಕ್ರಿಸ್ಟೋಫರ್ ಗ್ಯಾಡ್ಸ್‌ಡನ್ ಎಂಬಾತ ಹಳದಿ ಬಾವುಟ ಮಾಡಿಸಿದ. ಸ್ವಾತಂತ್ರ್ಯದ ಬಾವುಟ. ಆದರೆ ಗುಲಾಮರನ್ನು ತುಂಬಿಕೊಂಡು ಬಂದ ಹಡಗುಗಳು ನಿಲ್ಲುತ್ತಿದ್ದ ಚಾರ್ಲ್ಸ್‌ಟನ್ನಿನ ಒಂದು ಧಕ್ಕೆಗೂ ಇದೇ ಮನುಷ್ಯನ ಹೆಸರು.

2009ರಲ್ಲಿ ಸರ್ಕಾರ, ತೆರಿಗೆ ಎರಡೂ ಜಾಸ್ತಿಯಾಯಿತು ಎಂದ ಅಲ್ಲಿನ ಟೀ ಪಾರ್ಟಿ ಎಂಬ ರಾಜಕೀಯ ಚಳವಳಿಯವರು ಇದನ್ನು ಎತ್ತಿಕೊಂಡರು. 2021ರ ಜನವರಿ 6ರಂದು ಅಲ್ಲಿನ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನ ಕೈಯಲ್ಲೂ ಇತ್ತು. ಅಂಚೆ ಇಲಾಖೆಯ ಕರಿಯ ನೌಕರನೊಬ್ಬ, ಸಹೋದ್ಯೋಗಿ ಈ ಹಾವಿನ ಟೋಪಿ ಹಾಕಿಕೊಂಡು ಬರುತ್ತಾನೆ ಅಂತ 2014ರಲ್ಲಿ ದೂರು ಕೊಟ್ಟ. ದೂರು ಕೇಳಿದ ಆಯೋಗ, ಬಾವುಟದ ಹುಟ್ಟಿನಲ್ಲಿ ಜನಾಂಗದ ವಿಷಯ ಇಲ್ಲ, ಆದರೆ ಈಗ ಕೆಲವೊಮ್ಮೆ ಹಾಗೆ ಬಳಸುತ್ತಾರೆ, ಆದ್ದರಿಂದ ಆ ಜಾಗದಲ್ಲಿ ಏನು ನಡೆಯಿತು ಅಂತ ತನಿಖೆ ಮಾಡಿ ಎಂದಿತು. ಈ ಮಾತು ನನಗೆ ಬಹಳ ಹಿಡಿಸಿತು. ಚಿತ್ರವನ್ನೇ ದಿಟ್ಟಿಸಿ ನೋಡುತ್ತಾ ಕೂತರೆ ಏನೂ ಸಿಗುವುದಿಲ್ಲ. ಯಾವ ಊರು, ಯಾವ ದಿನ, ಪಕ್ಕದಲ್ಲಿ ಏನಿದೆ ಅಂತ ನೋಡಬೇಕು.

ಎರಡನೆಯದು, ಊರಿನ ಹಿರಿಯರನ್ನು ಕೇಳಿ. ಒಬ್ಬರನ್ನಲ್ಲ, ಎರಡು ಬೇರೆ ಬೇರೆ ಮನೆಯವರನ್ನು. ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡೇ. ಒಂದು ಹಾಕಿ ತಂಡದ ಫ್ಲೆಕ್ಸಿಗೆ ಇಂಟರ್ನೆಟ್ಟಿನಿಂದ ಯಾವುದೋ ಕತ್ತಿ ಇಳಿಸಿ ಹಾಕಿದ್ದೆ. ಉದ್ದ, ತೆಳ್ಳಗೆ, ಚಂದ್ರನ ಹಾಗೆ ಬಾಗಿದ ಕತ್ತಿ. ಸಂಜೆಯೊಳಗೆ ಆರು ಫೋನ್. "ನಮ್ಮ ಒಡಿಕತ್ತಿ ನೀನು ಕಂಡಿಲ್ವಾ? ಇದು ಯಾರ ಕತ್ತಿ ಗೊತ್ತುಂಟಾ?" ಒಡಿಕತ್ತಿ ಗಿಡ್ಡ, ಅಗಲ. ಬೆನ್ನ ಹಿಂದೆ ತೋಡಂಗ್ ಎಂಬ ಲೋಹದ ಕೊಕ್ಕೆಗೆ ಸಿಕ್ಕಿಸುವಂಥದ್ದು. ನಾನು ಹಾಕಿದ್ದು ಟಿಪ್ಪುವಿನ ಪೋಸ್ಟರಿನಲ್ಲಿ ಕಾಣುವಂಥ ಕತ್ತಿ. ಅದೂ ನವೆಂಬರ್ ಮೊದಲ ವಾರ. ರಾತ್ರಿಯೇ ಏಣಿ ಹಾಕಿ ಇಳಿಸಿದೆ. 2,400 ರೂಪಾಯಿ ಕೈಬಿಟ್ಟಿತು.

ನವೆಂಬರ್ ಯಾಕೆ ಮುಖ್ಯ ಅಂತ ಹೊರಗಿನವರಿಗೆ ಹೇಳಬೇಕು. 2015ರಲ್ಲಿ ರಾಜ್ಯ ಸರ್ಕಾರ ನವೆಂಬರ್ 10ಕ್ಕೆ ಟಿಪ್ಪು ಜಯಂತಿ ಶುರು ಮಾಡಿತು. ಆ ವರ್ಷ ಮಡಿಕೇರಿಯಲ್ಲಿ ಗಲಭೆಯಾಗಿ ಸಾವೂ ಆಯಿತು. 2019ರಲ್ಲಿ ಸರ್ಕಾರ ಆಚರಣೆ ನಿಲ್ಲಿಸಿತು. ಒಂದು ಮನೆಯಲ್ಲಿ ಟಿಪ್ಪು ಅಂದರೆ 1799ರಲ್ಲಿ ಬ್ರಿಟಿಷರೊಡನೆ ಹೋರಾಡುತ್ತಾ ಶ್ರೀರಂಗಪಟ್ಟಣದಲ್ಲಿ ಮಡಿದವನು. ಇನ್ನೊಂದು ಮನೆಯಲ್ಲಿ ಕೊಡಗಿನ ದೇವಟಿಪರಂಬುವಿನಲ್ಲಿ ನಮ್ಮವರನ್ನು ಸೆರೆ ಹಿಡಿಸಿದವನು. ಎರಡೂ ಮನೆಯವರು ನನ್ನ ಗಿರಾಕಿಗಳು. ಒಬ್ಬರ ಅಜ್ಜಿ ಹೇಳಿದ ಕಥೆಯನ್ನು ಇನ್ನೊಬ್ಬರ ಮೊಮ್ಮಗನ ತಲೆಗೆ ಕಟ್ಟುವುದು ಬೇಡ ಅನ್ನುವುದಷ್ಟೇ ನನ್ನ ಮಾತು.

ನವೆಂಬರ್ 1 ಕೂಡ ಹಾಗೇ. ಹಳದಿ ಕೆಂಪು ಬಾವುಟಕ್ಕೆ ಆ ವಾರ ಒಳ್ಳೆ ಬೇಡಿಕೆ. ಆಟೋ ಸ್ಟ್ಯಾಂಡಿನವರು ನೂರು ನೂರೈವತ್ತು ತೆಗೆದುಕೊಳ್ಳುತ್ತಾರೆ. ಆದರೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಸ್ವಂತ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಅದು ಮೈಸೂರಿಗೆ ಸೇರಿತು. ಕೆಲವರಿಗೆ ಅದು ಹಬ್ಬದ ದಿನ, ಕೆಲವರಿಗೆ ಕೈಬಿಟ್ಟು ಹೋದದ್ದರ ನೆನಪು. ಬಾವುಟ ಬೇಡ ಅಂತ ನಾನು ಹೇಳುವುದಿಲ್ಲ, ನಾನೇ ಮಾರುತ್ತೇನೆ. ಬೇರೆಯವರ ಗೇಟಿಗೆ ಕೇಳದೆ ಕಟ್ಟಬೇಡಿ, ಅಷ್ಟೇ.

ಇನ್ನು ಜನ ಜಾಸ್ತಿ ಕೇಳುವುದು ಕತ್ತಿ ಎತ್ತಿದ ಕೊಡವ ವೀರನ ಚಿತ್ರ. ಒಂದು ದಿನ ನಾಣ್ಯ ಸಂಗ್ರಹಿಸುವ ಗಿರಾಕಿಯೊಬ್ಬರು ಪದಕದ ಫೋಟೋ ತೋರಿಸಿದರು. ಕತ್ತಿ ಎತ್ತಿ ನಿಂತ ಕೊಡಗಿನ ವೀರ, ಸುತ್ತ ಕನ್ನಡ ಅಕ್ಷರ. "ಇದನ್ನೇ ಹಾಕೋಣ ಸಾರ್, ಎಷ್ಟು ಚಂದ" ಅಂದೆ. ಅವರು ನಕ್ಕರು. ಅದು 1837ರದ್ದು, ಕೊಟ್ಟದ್ದು ಈಸ್ಟ್ ಇಂಡಿಯಾ ಕಂಪನಿ. ಆ ವರ್ಷದ ದಂಗೆ ಅಡಗಿಸಲು ನೆರವಾದ ನಿಷ್ಠೆಗೆ ಮೆಚ್ಚುಗೆ. ಅದೇ ದಂಗೆಗಾಗಿ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಈಗ ಅವರ ಪ್ರತಿಮೆ ಇದೇ ಊರಲ್ಲಿದೆ. ದಂಗೆಗೆ ಹೆಸರೂ ಎರಡು. ಭಾಷಣದಲ್ಲಿ ಅಮರ ಸುಳ್ಯ ಸ್ವಾತಂತ್ರ್ಯ ಸಮರ. ಸುಳ್ಯ ಪುತ್ತೂರು ಕಡೆಯ ಹಳಬರ ಬಾಯಲ್ಲಿ ಕಲ್ಯಾಣಪ್ಪನ ಕಾಟಕಾಯಿ, ಅಂದರೆ ಲೂಟಿ. ಅದಕ್ಕೇ ಫ್ಲೆಕ್ಸಿಗೆ ಚಿತ್ರದ ಜೊತೆ ಹೆಸರು ಬರೆಸುವಾಗ ನಾನು ಎರಡು ಸಲ ಕೇಳುತ್ತೇನೆ. ಚಿತ್ರಕ್ಕಿಂತ ಬರಹವೇ ಜಗಳ ತರುವುದು ಜಾಸ್ತಿ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ತ್ರಿವರ್ಣ ಧ್ವಜದ ಮೇಲೆ ಹೆಸರು, ಘೋಷಣೆ, ಫೋಟೋ ಬೇಡ. ಧ್ವಜವನ್ನು ಬಾನೆಟ್ಟಿನ ಮೇಲೆ ಹೊದಿಸಬಾರದು. 2021ರ ಡಿಸೆಂಬರಿನಲ್ಲಿ ಪಾಲಿಯೆಸ್ಟರ್ ಧ್ವಜಕ್ಕೆ ಒಪ್ಪಿಗೆ ಸಿಕ್ಕಿದೆ, ಆದರೆ ಈ ನಿಯಮ ಹಾಗೇ ಇದೆ. ನಾಲ್ಕು ಸಿಂಹದ ಲಾಂಛನ ಖಾಸಗಿ ಗಾಡಿಗೆ ಆಗುವುದಿಲ್ಲ, ಅದಕ್ಕೆ 2005ರ ಕಾಯ್ದೆಯೇ ಇದೆ. "ಮಾವ ಮಿಲಿಟರಿಯಲ್ಲಿದ್ರು" ಅಂದರೂ ಆಗುವುದಿಲ್ಲ. ಕೊಡಗಿನಲ್ಲಿ ಯಾರ ಮಾವ ಮಿಲಿಟರಿಯಲ್ಲಿ ಇರಲಿಲ್ಲ?

ಇಷ್ಟೆಲ್ಲ ಆದಮೇಲೂ ಬೇಕು ಅನ್ನಿಸಿದರೆ ಹಾಕಿಸಿ. ಮೊದಲ ಸಲಕ್ಕೆ ಬಾನೆಟ್ ಬಿಟ್ಟು ಹಿಂದಿನ ಗ್ಲಾಸಿಗೆ ಹಾಕಿಸಿ. ಗ್ಲಾಸಿನಿಂದ ತೆಗೆಯುವುದು ಸುಲಭ.

ತೆಗೆಯುವುದು ಹೀಗೆ. ಕೂದಲು ಒಣಗಿಸುವ ಡ್ರೈಯರ್ ಒಂದು ಮೂಲೆಗೆ ಹಿಡಿಯಿರಿ. ಕೈಗೆ ಬಿಸಿ ತಾಗುವಷ್ಟು ಸಾಕು, ಪೇಂಟ್ ಸುಡಬಾರದು. ಮೂಲೆ ಎದ್ದ ಮೇಲೆ ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ. ಉಳಿದ ಅಂಟಿಗೆ ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ. ಬ್ಲೇಡ್ ಹಾಕಬೇಡಿ.

ಥಾರ್ ಹುಡುಗ ಕಳೆದ ಮಳೆಗಾಲ ಮುಗಿದ ಮೇಲೆ ಬಂದ. ಇಬ್ಬರೂ ಸೇರಿ ಹಾವನ್ನು ಎಬ್ಬಿಸಿದೆವು. ಸ್ಟಿಕ್ಕರ್ ಪೂರ್ತಿ ಬಂತು. ಆದರೆ ಸುತ್ತಲಿನ ಪೇಂಟ್ ಬಿಸಿಲಿಗೆ ಮಾಸಿತ್ತು, ಅಡಿಯದು ಹೊಸದಾಗೇ ಇತ್ತು. ಬಾನೆಟ್ಟಿನ ಮೇಲೆ ಬಾವುಟದ ಚೌಕ ಎದ್ದು ಕಾಣುತ್ತಿತ್ತು. ಪಾಲಿಶ್ ಹಾಕಿದೆ, ಹೋಗಲಿಲ್ಲ.

"ಅದರ ಮೇಲೆ ಬೇರೆ ಏನಾದರೂ ಹಾಕಿ ಮುಚ್ಚಿಬಿಡಿ ಅಣ್ಣ" ಅಂದ.

"ಏನು ಹಾಕಲಿ?" ಅಂದೆ.

ಸ್ವಲ್ಪ ಹೊತ್ತು ಬಾನೆಟ್ಟನ್ನೇ ನೋಡುತ್ತಾ ನಿಂತ. ಆಮೇಲೆ, "ಅಮ್ಮನ ಹತ್ರ ಕೇಳಿ ಹೇಳ್ತೇನೆ" ಅಂತ ಹೊರಟ.