ವರ್ಷಕ್ಕೆ 35 ಘನ ಮಿಲಿಮೀಟರ್: ಹಂಟಿಂಗ್ಟನ್ ಕುಟುಂಬಗಳಲ್ಲಿ ನಾವು ಕಾಡೇಟ್ ಅಳೆಯುವ ಬಗೆ

ಮೆದುಳನ್ನು ಸವೆಸುತ್ತ ಚಲನೆ, ಯೋಚನೆ ಕೆಡಿಸುವ, ವಂಶದಲ್ಲಿ ಬರುವ ಹಂಟಿಂಗ್ಟನ್ ಕಾಯಿಲೆ ತಮಗೂ ಬರುತ್ತದೆಯೇ ಎಂದು ತಿಳಿಯಲು ಎಂಆರ್‌ಐ ಮಾಡಿಸಲು ಬರುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಆ ಪ್ರಶ್ನೆಗೆ ಉತ್ತರ ಸ್ಕ್ಯಾನಿನಲ್ಲಿಲ್ಲ, ರಕ್ತದಲ್ಲಿದೆ. 4ನೇ ಕ್ರೋಮೋಸೋಮಿನಲ್ಲಿರುವ ಹಂಟಿಂಗ್ಟಿನ್ ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರ ಎಷ್ಟು ಸಲ ಮರುಕಳಿಸಿದೆ ಎಂದು ಎಣಿಸಿದರೆ ಸಾಕು. 26ರವರೆಗೆ ಸಹಜ. 27ರಿಂದ 35 ನಡುವಿನ ವಲಯ. 36ರಿಂದ 39 ಇದ್ದವರಿಗೆ ಬರಲೂಬಹುದು, ಬರದೆಯೂ ಇರಬಹುದು. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಆಯಸ್ಸು ಗಟ್ಟಿಯಿದ್ದಲ್ಲಿ, ಬಂದೇ ಬರುತ್ತದೆ. 1993ರಲ್ಲಿ ಈ ಜೀನ್ ಪತ್ತೆಯಾದ ಮೇಲೆ ಸ್ಕ್ಯಾನಿಗೆ ಉಳಿದಿರುವ ಕೆಲಸ ಬೇರೆ. ಜೀನ್ ಇದೆಯೆಂದು ಗೊತ್ತಾದವರಲ್ಲಿ ಹಾನಿ ಶುರುವಾಗಿದೆಯೇ, ಶುರುವಾಗಿದ್ದರೆ ಯಾವ ವೇಗದಲ್ಲಿ ಸಾಗಿದೆ ಎಂದು ನೋಡುವುದು.

2022ರಲ್ಲಿ ಬಂದ ಹೊಸ ಹಂತ ವಿಂಗಡಣೆಯಿಂದ ಈ ಕೆಲಸಕ್ಕೆ ತೂಕ ಬಂತು. ಅದರಲ್ಲಿ 0ನೇ ಹಂತ ಅಂದರೆ ಜೀನ್ ಇದೆ, ಬೇರೇನೂ ಇಲ್ಲ. 1ನೇ ಹಂತದಲ್ಲಿ ಮೆದುಳಿನ ಆಳದಲ್ಲಿರುವ ಕಾಡೇಟ್ ಅಥವಾ ಪ್ಯುಟಾಮೆನ್ ಕುಗ್ಗಿದೆ, ಆದರೆ ಮನುಷ್ಯ ಆರಾಮಾಗಿ ಓಡಾಡಿಕೊಂಡಿದ್ದಾರೆ. ಚಲನೆ, ಯೋಚನೆಯ ಪರೀಕ್ಷೆಗಳಲ್ಲಿ ವ್ಯತ್ಯಾಸ ಕಾಣುವುದು 2ರಲ್ಲಿ, ದಿನದ ಕೆಲಸಕ್ಕೆ ತೊಡಕಾಗುವುದು 3ರಲ್ಲಿ. ಅಂದರೆ 0ಯಿಂದ 1ಕ್ಕೆ ದಾಟಿಸುವುದು ಎಂಆರ್‌ಐ ಅಳತೆ ಮಾತ್ರ. ಅಳತೆ ಜಾಳಾದರೆ ಹಂತವೇ ತಪ್ಪುತ್ತದೆ.

ಅಳತೆ ಎಷ್ಟು ಸೂಕ್ಷ್ಮ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ದೊಡ್ಡವರ ಒಂದು ಕಡೆಯ ಕಾಡೇಟ್ ಸುಮಾರು 3.5 ಮಿಲಿಲೀಟರ್, ಅಂದರೆ 3500 ಘನ ಮಿಮೀ. ರೋಗಲಕ್ಷಣ ಕಾಣುವ ಮೊದಲಿನ ವರ್ಷಗಳಲ್ಲಿ ಇದು ಆರೋಗ್ಯವಂತರಿಗಿಂತ ವರ್ಷಕ್ಕೆ ಶೇಕಡಾ 1ರ ಆಸುಪಾಸು ಹೆಚ್ಚಾಗಿ ಸವೆಯುತ್ತದೆ, ಲಕ್ಷಣ ಶುರುವಾದವರಲ್ಲಿ ಇನ್ನೂ ವೇಗವಾಗಿ. ಶೇಕಡಾ 1 ಅಂದರೆ 35 ಘನ ಮಿಮೀ. ಪ್ರತಿ ಚುಕ್ಕಿಯೂ 1 ಘನ ಮಿಮೀ ಇರುವ ಚಿತ್ರದಲ್ಲಿ 35 ಚುಕ್ಕಿ. ಕಾಡೇಟಿನ ಮೇಲ್ಮೈ 2000 ಚದರ ಮಿಮೀ ಎಂದು ಹಿಡಿದರೆ, ಅದರ ಗಡಿ ಎಲ್ಲ ಕಡೆಯೂ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಸರಿದಂತೆ. ಇದು ಕಣ್ಣಿಗೆ ಕಾಣುವ ಮಾತಲ್ಲ. ಸಹಜ ಮೆದುಳಿನಲ್ಲಿ ಕಾಡೇಟಿನ ತಲೆ ಪಕ್ಕದ ಕುಹರದೊಳಕ್ಕೆ (ಮೆದುಳಿನೊಳಗೆ ನೀರು ತುಂಬಿದ ಪೊಳ್ಳು) ಉಬ್ಬಿಕೊಂಡಿರುತ್ತದೆ. ಆ ಉಬ್ಬು ಚಪ್ಪಟೆಯಾಗಿ ಕುಹರದ ಮುಂಕೊಂಬು ಪೆಟ್ಟಿಗೆಯಂತೆ ಕಾಣುವ ಹೊತ್ತಿಗೆ ‘ಆರಂಭದ ಪತ್ತೆ’ ಎನ್ನುವ ಕಾಲ ಮುಗಿದಿರುತ್ತದೆ. ಹಳೆಯ ಫಿಲ್ಮ್‌ಗಳ ಮೇಲೆ ಸ್ಕೇಲ್ ಇಟ್ಟು ಮುಂಕೊಂಬುಗಳ ಅಗಲವನ್ನು ಎರಡು ಕಾಡೇಟ್‌ಗಳ ನಡುವಿನ ಅಂತರದಿಂದ ಭಾಗಿಸುವ ಪದ್ಧತಿಯೂ (ಸಹಜ ಸರಾಸರಿ 2.2ರಿಂದ 2.6) ಅಷ್ಟೇ ತಡ.

ಆದ್ದರಿಂದ ಮನುಷ್ಯನಿಗಿಂತ ಮೊದಲು ಯಂತ್ರವನ್ನು ಅಳೆಯಬೇಕು. ಎಂಆರ್‌ಐ ಯಂತ್ರದ ಗ್ರೇಡಿಯಂಟ್ (ಚಿತ್ರದಲ್ಲಿ ಯಾವುದು ಎಲ್ಲಿದೆ ಎಂದು ಗುರುತಿಸಲು ನೆರವಾಗುವ ಕಾಂತಕ್ಷೇತ್ರದ ಏರಿಳಿತ) ಅಳತೆ ಪ್ರತಿ ದಿಕ್ಕಿನಲ್ಲೂ ಶೇಕಡಾ 0.3 ಹಿಗ್ಗಿದರೆ ಗಾತ್ರ ಶೇಕಡಾ 0.9 ಹೆಚ್ಚುತ್ತದೆ. ಒಂದು ವರ್ಷದ ಸವೆತ ಅಲ್ಲಿಗೇ ಮುಚ್ಚಿಹೋಯಿತು. ಯಂತ್ರದ ಮಾನ್ಯತೆಗಾಗಿ ಬಳಸುವ, ಅಳತೆ ಗೊತ್ತಿರುವ ಪರೀಕ್ಷಾ ಡಬ್ಬಿಯಾದ, ಅಮೆರಿಕದ ರೇಡಿಯಾಲಜಿ ಕಾಲೇಜಿನ (ಎಸಿಆರ್) ದೊಡ್ಡ ಫ್ಯಾಂಟಮ್‌ನ ಒಳವ್ಯಾಸ 190 ಮಿಮೀ. ಅಳತೆ 2 ಮಿಮೀ ತಪ್ಪಿದರೂ ಯಂತ್ರ ತೇರ್ಗಡೆಯಾಗುತ್ತದೆ. 190ರಲ್ಲಿ 2 ಅಂದರೆ ಶೇಕಡಾ 1. ಮೂರೂ ದಿಕ್ಕು ಸೇರಿದರೆ ಗಾತ್ರದಲ್ಲಿ ಶೇಕಡಾ 3. ರೋಗನಿರ್ಣಯಕ್ಕೆ ಸಾಕಾಗುವ ತೇರ್ಗಡೆ ಇದು, ನಮ್ಮ ಕೆಲಸಕ್ಕಲ್ಲ. ನಾವು ಅದೇ ಫ್ಯಾಂಟಮ್ಮನ್ನು 1 ಮಿಮೀ ಚುಕ್ಕಿಯ ಮೂರು ಆಯಾಮದ ಟಿ1 ಬಗೆಯ ಚಿತ್ರದಲ್ಲಿ ವಾರಕ್ಕೊಮ್ಮೆ ತೆಗೆದು, ವ್ಯಾಸವನ್ನೂ ಉದ್ದವನ್ನೂ (148 ಮಿಮೀ) ಹಾಳೆಯ ಮೇಲೆ ಗೆರೆಯಾಗಿ ಎಳೆಯುತ್ತೇವೆ. ತೇರ್ಗಡೆಯೋ ಅಲ್ಲವೋ ಎಂಬುದಕ್ಕಿಂತ ಆ ಗೆರೆ ಯಾವಾಗ ಮೆಟ್ಟಿಲು ಹತ್ತಿತು ಎಂಬುದು ಮುಖ್ಯ. ಮೆಟ್ಟಿಲು ಸಾಮಾನ್ಯವಾಗಿ ಸರ್ವಿಸ್ ಎಂಜಿನಿಯರ್ ಬಂದುಹೋದ ಮರುದಿನ, ಇಲ್ಲವೇ ಸಾಫ್ಟ್‌ವೇರ್ ಬದಲಾದ ಮರುದಿನ ಕಾಣುತ್ತದೆ. ಬಂದವರು ಏನು ಮಾಡಿದರೆಂದು ಅವತ್ತೇ ಬರೆಸಿಕೊಳ್ಳಿ, ಆಮೇಲೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ನಾವು ತೆಗೆಯುವ ಚಿತ್ರ ಸೀದಾಸಾದಾ: 3 ಟೆಸ್ಲಾ, ಸ್ಯಾಜಿಟಲ್ (ಪಕ್ಕದಿಂದ ನೋಡಿದಂಥ) ಎಂಪಿರೇಜ್ ಎಂಬ ಮೂರು ಆಯಾಮದ ಟಿ1 ಚಿತ್ರ, ಯಂತ್ರದ ಆಯ್ಕೆಗಳು ಟಿಆರ್ 2300, ಟಿಐ 900 ಮಿಲಿಸೆಕೆಂಡ್, ಫ್ಲಿಪ್ 9 ಡಿಗ್ರಿ, 1 ಮಿಮೀ ಚುಕ್ಕಿ, ಸುಮಾರು 6 ನಿಮಿಷ. ಇದನ್ನೇ ಎಲ್ಲಕ್ಕಿಂತ ಮೊದಲು ತೆಗೆಯಬೇಕು. ಅರ್ಧ ಗಂಟೆ ಕಳೆದ ಮೇಲೆ ಯಾರ ತಲೆಯೂ ನೆಟ್ಟಗೆ ನಿಲ್ಲುವುದಿಲ್ಲ. ಮೊದಲ ಸಲ ತಲೆಯ ಸುತ್ತ ಸಂಕೇತ ಹಿಡಿಯುವ 32 ಚಾನೆಲ್ ಕಾಯಿಲ್ ಹಾಕಿದ್ದರೆ ಮರುವರ್ಷವೂ ಅದೇ. ‘ಇದು ಬಿಗಿಯಾಯ್ತು, ಇನ್ನೊಂದು ಹಾಕಿಬಿಡೋಣ’ ಎಂದು ಟೆಕ್ನಿಷಿಯನ್ ಒಳ್ಳೆಯ ಮನಸ್ಸಿನಿಂದ ಬದಲಾಯಿಸಿದರೆ ಬೂದು-ಬಿಳಿ ಭಾಗಗಳ ಅಂತರ ಬದಲಾಗಿ ಗಡಿ ಸರಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ವಕ್ರತೆ ತಿದ್ದುವ ಆಯ್ಕೆ. ಯಂತ್ರದ ನಡುಬಿಂದುವಿನಿಂದ ದೂರ ಹೋದಷ್ಟೂ ಚಿತ್ರ ಎಳೆದಂತಾಗುತ್ತದೆ, ಅದನ್ನು ಸಾಫ್ಟ್‌ವೇರ್ ತಿದ್ದುತ್ತದೆ. ಕೆಲವು ಯಂತ್ರಗಳು ತಿದ್ದಿದ್ದು, ತಿದ್ದದ್ದು ಎರಡನ್ನೂ ಉಳಿಸುತ್ತವೆ. ಆರ್ಕೈವ್‌ಗೆ ಹೋಗುವುದು ಒಂದೇ ಇರಬಹುದು. ಮೊದಲ ವರ್ಷದ್ದು ತಿದ್ದದ ಚಿತ್ರ, ಎರಡನೆಯದು ತಿದ್ದಿದ್ದು ಆದಾಗ ಕಾಡೇಟ್ ವರ್ಷದಲ್ಲಿ ಬೆಳೆದಂತೆ ತೋರಿದ್ದನ್ನು ಕಂಡಿದ್ದೇವೆ. ಈ ಕಾಯಿಲೆಯಲ್ಲಿ ಕಾಡೇಟ್ ಬೆಳೆಯುವುದಿಲ್ಲ, ಹಾಗಾಗಿ ಸಿಕ್ಕಿಬಿತ್ತು. ಅದಲುಬದಲಾಗಿದ್ದರೆ ‘ವೇಗದ ಸವೆತ’ ಎಂದು ವರದಿ ಹೋಗುತ್ತಿತ್ತು, ಯಾರೂ ಅನುಮಾನಿಸುತ್ತಿರಲಿಲ್ಲ. ಈಗ ಚಿತ್ರದ ಕಡತದ ಜೊತೆಗಿರುವ ಮಾಹಿತಿಪಟ್ಟಿಯ (ಡೈಕಾಮ್ ಹೆಡರ್) ‘ಇಮೇಜ್ ಟೈಪ್’ ಸಾಲನ್ನು ಓದದೆ ಯಾವ ಚಿತ್ರವನ್ನೂ ಮುಂದಕ್ಕೆ ಬಿಡುವುದಿಲ್ಲ: ‘ಡಿಐಎಸ್3ಡಿ’ (ತಿದ್ದಿದ್ದು) ಇದ್ದರೆ ಸರಿ, ‘ಎನ್‌ಡಿ’ (ತಿದ್ದದ್ದು) ಇದ್ದರೆ ವಾಪಸ್. ತಲೆಯೂ ಎರಡೂ ಸಲ ಒಂದೇ ಜಾಗದಲ್ಲಿರಬೇಕು. ಲೇಸರ್ ಗೆರೆ ಹುಬ್ಬಿನ ಮಟ್ಟಕ್ಕೆ ಇಟ್ಟು, ಮೇಜಿನ ಸ್ಥಾನದ ಸಂಖ್ಯೆ ಬರೆದಿಡುತ್ತೇವೆ.

ಇನ್ನು ಮಲಗುವವರ ತಯಾರಿ. ಹೇರ್‌ಪಿನ್, ಸೀರೆಪಿನ್, ತಾಳಿಸರ ಬಿಚ್ಚಿಸುವುದು ಎಲ್ಲರಿಗೂ ಗೊತ್ತು. ಜರಿಯಂಚಿನ ಸೀರೆ, ರವಿಕೆ ಬೇಡ, ಆಸ್ಪತ್ರೆಯ ಹತ್ತಿಬಟ್ಟೆಯೇ ಇರಲಿ. ಕಾಡಿಗೆಯಲ್ಲಿ ಕಬ್ಬಿಣದ ಅಂಶವಿದ್ದರೆ ಕಣ್ಣಿನ ಸುತ್ತಲಿನ ಚಿತ್ರ ಕೆಡುತ್ತದೆ, ಒರೆಸಿಸಿ. ದಪ್ಪ ಜಡೆಯನ್ನು ಬಿಚ್ಚಿ ಪಕ್ಕಕ್ಕೆ ತರಬೇಕು. ಇಲ್ಲದಿದ್ದರೆ ತಲೆ ಹಿಂದಿನಿಂದ ಎತ್ತಿ ಗದ್ದ ಎದೆಗೆ ಬಾಗುತ್ತದೆ, ಕುತ್ತಿಗೆ ನೊಂದು ನಾಲ್ಕನೇ ನಿಮಿಷಕ್ಕೆ ಅಲುಗುತ್ತಾರೆ. ನೀರು ಕಡಿಮೆಯಾದರೆ ಮೆದುಳಿನ ಗಾತ್ರವೂ ಕುಹರದ ಗಾತ್ರವೂ ತುಸು ಬದಲಾಗುತ್ತವೆ. ಹಾಗಾಗಿ ಎರಡೂ ಸ್ಕ್ಯಾನ್ ದಿನದ ಒಂದೇ ಹೊತ್ತಿನಲ್ಲಿ, ತಿಂಡಿ-ನೀರು ಆದ ಮೇಲೆ. ಏಕಾದಶಿ, ರಂಜಾನ್ ನೋಡಿಯೇ ತಾರೀಖು ಕೊಡುತ್ತೇವೆ.

ಅಲುಗಾಟ ಈ ಕಾಯಿಲೆಯಲ್ಲಿ ಎರಡು ಪಟ್ಟು ಅಪಾಯ. ಅಲುಗಿದ ಚಿತ್ರದಲ್ಲಿ ಬೂದು ಭಾಗ ಇದ್ದದ್ದಕ್ಕಿಂತ ಕಡಿಮೆ ತೋರುತ್ತದೆ. ಕಾಯಿಲೆ ಹತ್ತಿರವಾದವರು ಹೆಚ್ಚು ಅಲುಗುತ್ತಾರೆ. ಎರಡೂ ಒಂದೇ ದಿಕ್ಕಿಗೆ ತಳ್ಳುವುದರಿಂದ ಸವೆತ ನಿಜಕ್ಕಿಂತ ಹೆಚ್ಚಾಗಿಯೇ ‘ಕಾಣುತ್ತದೆ’. ಕೆನ್ನೆಗಳ ಎರಡೂ ಬದಿಗೆ ಫೋಮ್, ಮೊಣಕಾಲ ಕೆಳಗೆ ದಿಂಬು, ಎಂಜಲು ನುಂಗುವುದಿದ್ದರೆ ಯಂತ್ರದ ಸದ್ದು ನಿಂತಾಗ ಎಂದು ಮೊದಲೇ ಹೇಳುವುದು. ಇಷ್ಟರಿಂದ ಬಹುಪಾಲು ತಡೆಯಬಹುದು. ಕೊರಿಯಾ (ಕೈಕಾಲು, ಮುಖ ತಾವಾಗಿ ಅಲುಗುವ ಲಕ್ಷಣ) ಇದ್ದವರ ಮಾತ್ರೆಯನ್ನು ಸ್ಕ್ಯಾನಿಗಾಗಿ ನಾವಾಗಿ ಏರಿಳಿಸುವುದಿಲ್ಲ. ಮೇಜಿನಿಂದ ಇಳಿಸುವ ಮೊದಲೇ ಹಣೆಯ ಹಿಂದಿನ ಬಿಳಿಭಾಗದಲ್ಲಿ ನೀರಿನ ಅಲೆಯಂಥ ಉಂಗುರಗಳಿವೆಯೇ ಎಂದು ನೋಡಿ. ಇದ್ದರೆ ಅಲ್ಲೇ ಇನ್ನೊಮ್ಮೆ ತೆಗೆಯಿರಿ. ಎರಡು ಕೆಟ್ಟ ಚಿತ್ರಗಳ ಸರಾಸರಿ ಒಂದು ಒಳ್ಳೆಯ ಚಿತ್ರವಾಗುವುದಿಲ್ಲ.

ಗಡಿ ಬಿಡಿಸುವುದಕ್ಕೆ ಫ್ರೀಸರ್ಫರ್ ಎಂಬ ಸಾಫ್ಟ್‌ವೇರ್ ಬಳಸುತ್ತೇವೆ. ಅದರ ಪಟ್ಟಿಯಲ್ಲಿ ಭಾಗಗಳ ಗುರುತುಸಂಖ್ಯೆ: ಎಡ ಕಾಡೇಟ್ 11, ಬಲ 50, ಪ್ಯುಟಾಮೆನ್ 12 ಮತ್ತು 51. ಗಾತ್ರದ ಸಂಖ್ಯೆ ಬಂತೆಂದು ನಂಬಬೇಡಿ, ಪ್ರತಿಯೊಂದನ್ನೂ ತೆರೆದು ನೋಡಿ. ಕಾಡೇಟಿನ ತಳದಲ್ಲಿ ಅಕ್ಯುಂಬೆನ್ಸ್ ಎಂಬ ಇನ್ನೊಂದು ಬೂದು ಭಾಗ ಇದೆ. ಎರಡರ ನಡುವೆ ಚಿತ್ರದಲ್ಲಿ ಗೆರೆಯೇ ಇಲ್ಲ, ಸಾಫ್ಟ್‌ವೇರ್ ಅಂದಾಜಿನ ಮೇಲೆ ಕತ್ತರಿಸುತ್ತದೆ. ಬಾಲ ತೆಳ್ಳಗಾಗಿ ಹಿಂದಕ್ಕೆ ಸುತ್ತುವಲ್ಲಿ ಬಿಟ್ಟುಹೋಗುತ್ತದೆ. ಪ್ಯುಟಾಮೆನ್ ಹೊರಬದಿಯಲ್ಲಿ ತೆಳು ಬಿಳಿಪದರ ದಾಟಿ ಕ್ಲಾಸ್ಟ್ರಮ್ ಎಂಬ ತೆಳು ಬೂದುಪದರಕ್ಕೆ ಸೋರುತ್ತದೆ, ಕೆಳಗೆ ರಕ್ತನಾಳದ ಸುತ್ತಲಿನ ನೀರಿನ ಜಾಗಗಳನ್ನು ನುಂಗುತ್ತದೆ. ಇವುಗಳಲ್ಲಿ ಕೆಲವನ್ನು ಕೈಯಿಂದ ತಿದ್ದಬಹುದು. ಆದರೆ ತಿದ್ದುವವರಿಗೆ ಯಾವುದು ಮೊದಲ ವರ್ಷದ ಚಿತ್ರ, ಯಾರಲ್ಲಿ ಜೀನ್ ಇದೆ ಎಂಬುದು ತಿಳಿದಿರಬಾರದು. ತಿಳಿದರೆ ಕೈ ತಾನಾಗಿ ವಾಲುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಕಾಡೇಟಿನಲ್ಲಿ ತಿದ್ದದೆ ಇರುವುದೇ ಲೇಸು: ಎರಡೂ ವರ್ಷ ಒಂದೇ ರೀತಿ ತಪ್ಪಿದರೆ ವ್ಯತ್ಯಾಸದಲ್ಲಿ ಆ ತಪ್ಪು ಬಹುಮಟ್ಟಿಗೆ ಕಳೆದುಹೋಗುತ್ತದೆ, ಒಂದು ವರ್ಷ ತಿದ್ದಿ ಇನ್ನೊಂದನ್ನು ಬಿಟ್ಟರೆ ಹೋಗುವುದಿಲ್ಲ.

ಎರಡು ಚಿತ್ರಗಳಿದ್ದರೆ ಬೇರೆಬೇರೆ ಅಳೆದು ಕಳೆಯುವುದು ಒರಟು ದಾರಿ. ಫ್ರೀಸರ್ಫರಿನ ಉದ್ದಕಾಲದ ವಿಧಾನದಲ್ಲಿ ಮೊದಲು ಎರಡನ್ನೂ ಸೇರಿಸಿ ನಡುವಿನದೊಂದು ತಳಚಿತ್ರ ಮಾಡಿ, ಆಮೇಲೆ ಪ್ರತಿಯೊಂದನ್ನೂ ಅದರಿಂದ ಅಳೆಯುತ್ತಾರೆ. ಮೊದಲನೆಯದನ್ನೇ ತಳವಾಗಿಟ್ಟರೆ ಎರಡನೆಯದು ಮಾತ್ರ ಮಸುಕಾಗಿ, ಇಲ್ಲದ ಬದಲಾವಣೆ ಹುಟ್ಟುತ್ತದೆ. ಲಂಡನ್, ಲೈಡನ್, ಪ್ಯಾರಿಸ್, ವ್ಯಾಂಕೂವರ್‌ಗಳಲ್ಲಿ ಹಂಟಿಂಗ್ಟನ್ ಜೀನ್ ಇದ್ದವರ ಮೇಲೆ ನಡೆದ ಟ್ರ್ಯಾಕ್-ಎಚ್‌ಡಿ ಅಧ್ಯಯನದಲ್ಲಿ ಗಾತ್ರಗಳನ್ನು ಕಳೆಯುವ ಬದಲು ಗಡಿಯ ಸರಿತವನ್ನೇ ಅಳೆಯುವ ಲೆಕ್ಕವನ್ನು ಕಾಡೇಟಿಗೆ ಬಳಸಿದರು. ಅದು ಇನ್ನೂ ಹರಿತ, ಆದರೆ ಎರಡೂ ಚಿತ್ರಗಳ ಹೊಳಪಿನ ಏರುಪೇರು ತಿದ್ದಿರಬೇಕು.

ನಿಮ್ಮ ಅಳತೆಯ ಗದ್ದಲ (ಮೆದುಳು ಬದಲಾಗದಿದ್ದರೂ ಬರುವ ಏರುಪೇರು) ಎಷ್ಟು ಎಂದು ತಿಳಿಯಲು ಒಂದೇ ದಾರಿ: ಹತ್ತು ಮಂದಿ ಆರೋಗ್ಯವಂತರನ್ನು ಒಂದೇ ದಿನ ಎರಡು ಸಲ, ನಡುವೆ ಮೇಜಿನಿಂದ ಇಳಿಸಿ ಓಡಾಡಿಸಿ, ಸ್ಕ್ಯಾನ್ ಮಾಡಿ. ಇಳಿಸದೆ ಮಾಡಿದರೆ ಲೆಕ್ಕ ಸುಳ್ಳಾಗಿ ಚೆನ್ನಾಗಿ ಬರುತ್ತದೆ. ಆ ಎರಡರ ವ್ಯತ್ಯಾಸ ಶೇಕಡಾ 1.5 ಬಂದರೆ, ಒಬ್ಬರಲ್ಲಿ ಒಂದು ವರ್ಷಕ್ಕೆ ಕಂಡ ಶೇಕಡಾ 1 ಬದಲಾವಣೆಗೆ ಅರ್ಥವಿಲ್ಲ. ಎರಡು ಮೂರು ವರ್ಷ ಕಾಯಬೇಕು.

ಒಂದೇ ಸ್ಕ್ಯಾನ್ ಇದ್ದಾಗ ಯಾರ ಜೊತೆ ಹೋಲಿಸುವುದು? ತಲೆ ದೊಡ್ಡದಿದ್ದವರ ಕಾಡೇಟೂ ದೊಡ್ಡದು. ಬುರುಡೆಯ ಒಳಗಾತ್ರದಿಂದ ಸೀದಾ ಭಾಗಿಸುವುದಕ್ಕಿಂತ ಆರೋಗ್ಯವಂತರಲ್ಲಿ ವಯಸ್ಸು, ಲಿಂಗ, ಒಳಗಾತ್ರ ಸೇರಿಸಿ ರಿಗ್ರೆಷನ್ (ಇಷ್ಟಿದ್ದರೆ ಕಾಡೇಟ್ ಎಷ್ಟಿರಬೇಕೆಂಬ ಅಂದಾಜಿನ ಲೆಕ್ಕ) ಹಾಕಿ, ನಿರೀಕ್ಷೆಗಿಂತ ಎಷ್ಟು ಕೆಳಗೆ ಎಂದು ನೋಡುವುದು ಒಳ್ಳೆಯದು. ಒಳಗಾತ್ರದ ಸಂಖ್ಯೆ ಅನುಮಾನ ತರುವಂತಿದ್ದರೆ ತಲೈರಾಖ್ ಹೊಂದಾಣಿಕೆ (ತಲೆಯ ಚಿತ್ರವನ್ನು ಮಾದರಿ ಮೆದುಳಿಗೆ ಹೊಂದಿಸುವುದು) ಓರೆಯಾಗಿದೆಯೇ ಪರೀಕ್ಷಿಸಿ. ಹೋಲಿಕೆಯ ಗುಂಪು ಇದೇ ಯಂತ್ರದಲ್ಲಿ ಮಲಗಿದ ನಮ್ಮ ಜನರೇ ಆಗಿರಬೇಕು. ಹೈದರಾಬಾದಿನ ಐಐಐಟಿ 2019ರಲ್ಲಿ ತಂದ ಭಾರತೀಯ ಮೆದುಳಿನ ಅಟ್ಲಾಸ್ ನಮ್ಮವರ ಮೆದುಳಿನ ಸರಾಸರಿ ಗಾತ್ರ ಪಾಶ್ಚಾತ್ಯರದಕ್ಕಿಂತ ಚಿಕ್ಕದೆಂದು ತೋರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ತಂಡ 6ರಿಂದ 60 ವರ್ಷದವರೆಗಿನ ಐದು ಭಾರತೀಯ ಟೆಂಪ್ಲೇಟು (ಸರಾಸರಿ ಮೆದುಳಿನ ಮಾದರಿಚಿತ್ರ) ಮಾಡಿದೆ. ವಿದೇಶಿ ಮಿತಿಯನ್ನು ಹಾಗೇ ಹಚ್ಚಿದರೆ ಆರೋಗ್ಯವಂತರೂ ಕುಗ್ಗಿದವರ ಸಾಲಿಗೆ ಸೇರಬಹುದು.

ಬಂದ ಗಾತ್ರವನ್ನು ವಯಸ್ಸು-ಸಿಎಜಿ ಲೆಕ್ಕದ ಪಕ್ಕದಲ್ಲಿಟ್ಟು ನೋಡುತ್ತೇವೆ. ಸಿಎಜಿಯಿಂದ 30 ಕಳೆದು, ವಯಸ್ಸಿನಿಂದ ಗುಣಿಸಿ, 6.49ರಿಂದ ಭಾಗಿಸಿದರೆ ಬರುವ ಅಂಕ 100ರ ಹತ್ತಿರವಾದಾಗ ರೋಗ ಹೊರಬೀಳುವ ನಿರೀಕ್ಷೆ. 35 ವರ್ಷ, ಸಿಎಜಿ 43 ಇದ್ದವರಿಗೆ 70. ಅಂಕ 40 ಇದ್ದು ಕಾಡೇಟ್ ತೀರಾ ಚಿಕ್ಕದೆಂದು ಬಂದರೆ ಮೊದಲು ನಮ್ಮ ಗಡಿಯನ್ನೇ ಅನುಮಾನಿಸುತ್ತೇವೆ. ಜೀನ್ ಪರೀಕ್ಷೆಯೇ ಆಗದವರಲ್ಲಂತೂ ಕುಗ್ಗಿದ ಕಾಡೇಟ್ ಅಂದರೆ ಹಂಟಿಂಗ್ಟನ್ ಎಂದು ಹೇಳಲಾಗದು. ಎಸ್‌ಸಿಎ17, ಕೊರಿಯಾ-ಅಕಾಂಥೊಸೈಟೋಸಿಸ್‌ನಲ್ಲೂ (ಇವೂ ವಂಶದಲ್ಲಿ ಬರುವ ಬೇರೆ ಕಾಯಿಲೆಗಳು) ಅದು ಕುಗ್ಗುತ್ತದೆ.

ಪರೀಕ್ಷೆ ಮಾಡಿಸಿಕೊಳ್ಳದವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ತಂದೆಗೋ ತಾಯಿಗೋ ಕಾಯಿಲೆ ಇದ್ದು, ತನಗಿದೆಯೇ ಎಂದು ತಿಳಿಯಲು ಒಲ್ಲೆ ಎಂದವರಿಗೆ ಕಾಡೇಟ್ ಸಂಖ್ಯೆ ಹೇಳುವುದು ಹಿಂಬಾಗಿಲಿನಿಂದ ಜೀನ್ ಪರೀಕ್ಷೆ ಮಾಡಿದ ಹಾಗೆ. ಕೌನ್ಸೆಲಿಂಗ್ ಆಗದೆ ಅಳತೆ ಇಲ್ಲ. ಲಕ್ಷಣವಿಲ್ಲದ ಮಕ್ಕಳಿಗೆ ಇಲ್ಲವೇ ಇಲ್ಲ. ಮದುವೆ ಮಾತುಕತೆ ನಡೆದಾಗ ‘ಹುಡುಗನಿಗೆ ಒಂದು ಸ್ಕ್ಯಾನ್ ಮಾಡಿ ನೋಡಿಬಿಡಿ ಡಾಕ್ಟ್ರೇ’ ಎನ್ನುವ ಸೋದರಮಾವಂದಿರಿಗೂ ಇದೇ ಉತ್ತರ. ಸ್ಕ್ಯಾನ್ ಕೋರಿಕೆಯ ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆದರೆ ಅದು ಕನ್ಸೋಲಿನ ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಕೋಡ್ ಮಾತ್ರ. ವರದಿಯಲ್ಲಿ ಎಡ-ಬಲ ಗಾತ್ರ ಮಿಲಿಲೀಟರಿನಲ್ಲಿ, ಹೋಲಿಕೆಯ ಗುಂಪಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂಬ ಪರ್ಸೆಂಟೈಲ್, ನಮ್ಮ ಅಳತೆಯ ಗದ್ದಲ, ಯಂತ್ರದ ಸಾಫ್ಟ್‌ವೇರ್ ಆವೃತ್ತಿ, ತಲೆಗೆ ಹಾಕಿದ ಕಾಯಿಲ್ ಯಾವುದು, ಮೇಜಿನ ಸ್ಥಾನ. ಕೊನೆಯ ಮೂರು ವೈದ್ಯರಿಗಲ್ಲ, ಮರುವರ್ಷ ಅದೇ ಮನುಷ್ಯರನ್ನು ಮೇಜಿನ ಮೇಲೆ ಮಲಗಿಸುವ ಟೆಕ್ನಿಷಿಯನ್ನಿಗೆ.