ಬೀಸುಕಲ್ಲಿನ ಗೂಟ

ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯನ್ನು ಬಿಟ್ಟು ನವನಗರಕ್ಕೆ ಬಂದ ಕುಟುಂಬಗಳಲ್ಲಿ ನಮ್ಮದೂ ಒಂದು. ಜಲಾಶಯ 519.60 ಮೀಟರಿಗೆ ತುಂಬಿದಾಗ ನಾನು ಆಡಿದ ಓಣಿ ನೀರಿನೊಳಗಿರುತ್ತದೆ. ಹೊತ್ತು ತಂದ ಬೀಸುಕಲ್ಲು, ತಾಮ್ರದ ಕೊಡ, ಕಂದೀಲು, ಕೌದಿಗಳು ಮಾತ್ರ ಉಳಿದಿವೆ. ಅವನ್ನೇ ಚಿತ್ರಿಸುತ್ತೇನೆ ಎಂದಾಗ ಗೆಳೆಯರು ಒಪ್ಪಲಿಲ್ಲ. ಬಾದಾಮಿಯ ಗುಹೆಗಳನ್ನು ಬರೆದರೆ ಪ್ರವಾಸಿಗರಾದರೂ ಕೊಳ್ಳುತ್ತಾರೆ ಎಂದರು.

ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು. ಫೋಟೋ ನೋಡಿಕೊಂಡು, ಬಿಳಿ ಪ್ರೈಮರಿನ ಮೇಲೆ, ಎಲ್ಲವನ್ನೂ ಹುಣಸೆಹಣ್ಣಿನಿಂದ ತಿಕ್ಕಿಟ್ಟಂತೆ ಹೊಳೆಯಿಸಿ ಹನ್ನೊಂದೋ ಹನ್ನೆರಡೋ ಚಿತ್ರ ಬರೆದೆ. ಕ್ಯಾನ್ವಾಸು, ಚೌಕಟ್ಟು, ಸಭಾಂಗಣದ ಬಾಡಿಗೆ ಎಲ್ಲ ಸೇರಿ ಸುಮಾರು 40 ಸಾವಿರ ಹೋಯಿತು. ಮಾರಿದ್ದು ಒಂದು, ಅದೂ ಬಂಧುಗಳಿಗೆ. ನೋಡಲು ಬಂದಿದ್ದ ಒಬ್ಬ ಅಜ್ಜಿ ಬಹಳ ಹೊತ್ತು ನಿಂತು, "ತಮ್ಮಾ, ಈ ಕಲ್ಲು ಯಾರೂ ಬೀಸಿಲ್ಲ ನೋಡು" ಎಂದರು.

ಆ ಮಾತು ಹಿಡಿದುಕೊಂಡು ನಮ್ಮ ಬೀಸುಕಲ್ಲಿನ ಮುಂದೆ ನಾಲ್ಕು ದಿನ ನೆಲದ ಮೇಲೆ ಕುಳಿತೆ. ಗೂಟದ ಮೇಲ್ಭಾಗವು ಅಂಗೈ ತಾಗಿ ತಾಗಿ ಒಂದೇ ಮಗ್ಗುಲಿಗೆ ಸವೆದು ಕಪ್ಪಗೆ ಮಿರುಗುತ್ತಿತ್ತು, ಕೆಳಭಾಗ ಮಾತ್ರ ಕಡೆದ ದಿನದಂತೆಯೇ ಒರಟಾಗಿತ್ತು. ಅಂದಿನಿಂದ ಫೋಟೋ ಬಿಟ್ಟು, ವಸ್ತುವನ್ನು ಅದರ ನಿಜವಾದ ಅಳತೆಯಲ್ಲಿ, ಅದನ್ನು ಬಳಸುವವರು ಕುಳಿತ ಎತ್ತರದಿಂದಲೇ ಬರೆಯತೊಡಗಿದೆ. ಇಟಲಿಯ ಬೊಲೋನ್ಯಾದ ಚಿತ್ರಕಾರ ಮೊರಾಂಡಿ ದಶಕಗಟ್ಟಲೆ ಅವೇ ಸೀಸೆಗಳನ್ನು ಏಕೆ ಬರೆದನೆಂಬುದು ನನಗೆ ಆಗ ಅರ್ಥವಾಯಿತು. ಬಿಳಿಯ ಬದಲು ಬಾದಾಮಿ ಕಡೆಯ ಕೆಂಪು ಮಣ್ಣನ್ನು ನೀರಿನಲ್ಲಿ ಕದಡಿ, ಮೇಲಿನ ಕೆನ್ನೀರನ್ನು ಬಸಿದು ಆರಿಸಿ, ಅಗಸಿ ಎಣ್ಣೆಯಲ್ಲಿ ಅರೆದು ತಳಬಣ್ಣ ಹಚ್ಚುತ್ತೇನೆ.

ದೀಪವಿಡುವ ಗೋಡೆಯ ಮಾಡದ ಹೊಗೆಗಪ್ಪಿಗಾಗಿ ಕಂದೀಲಿನ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬಳಸಿದ್ದು ದೊಡ್ಡ ತಪ್ಪಾಯಿತು. ಮಸಿ ನಿಧಾನವಾಗಿ ಒಣಗುತ್ತದೆ, ಅದರ ಮೇಲೆ ಹಚ್ಚಿದ ಅಂಬರ್ ಎಂಬ ಕಂದು ಮಣ್ಣಿನ ಬಣ್ಣ ಬೇಗ ಒಣಗುತ್ತದೆ. ಎಂಟು ತಿಂಗಳೊಳಗೆ ಮೂರು ಚಿತ್ರಗಳು ಬಿರುಕು ಬಿಟ್ಟು ಆರೇಳು ಸಾವಿರದ ಸಾಮಾನು ಹಾಳಾಯಿತು. ಈಗ ಆ ಕಪ್ಪನ್ನು ಬೇರೆ ರೀತಿ ಮಾಡುತ್ತೇನೆ, ಹೇಗೆಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಗುಳೇದಗುಡ್ಡದ ಖಣವನ್ನು ಹಲಗೆಗೆ ಅಂಟಿಸಿ ಅದರ ಮೇಲೆ ತಂಬಿಗೆ ಬರೆದೂ ನೋಡಿದೆ. ಬಣ್ಣ ಬಿಟ್ಟಿತು, ಖಣದ ನೇಯ್ಗೆಯ ಮುಂದೆ ತಂಬಿಗೆ ಕಾಣದಾಯಿತು. ಆದರೆ ಕೌದಿಯೊಂದರಲ್ಲಿ ಇಳಕಲ್ಲ ಸೀರೆಯ ಟೋಪು ತೆನಿ ವಿನ್ಯಾಸದ ಸೆರಗಿನ ತುಂಡನ್ನು, ಎಳೆ ಸವೆದು ತೆನಿ ಮಸುಕಾದ ಹಾಗೆಯೇ ಬರೆದಾಗ, ಬಂದ ಹೆಣ್ಣುಮಕ್ಕಳು "ಇದು ಯಾರ ಸೀರಿ ಇತ್ತು?" ಎಂದೇ ಮೊದಲು ಕೇಳಿದರು.

ಹೋದ ವರ್ಷ 14 ಚಿತ್ರಗಳಲ್ಲಿ 9 ಮಾರಾಟವಾಗಿ, ಖರ್ಚು ಕಳೆದು 60 ಸಾವಿರದ ಆಸುಪಾಸು ಉಳಿಯಿತು. ಕೊಂಡವರು ಬಹುತೇಕ ನೀರಿಗೆ ಮನೆ ಬಿಟ್ಟವರೇ. ಬೀಸುಕಲ್ಲಿನ ಹೊಸ ಚಿತ್ರವನ್ನು ನಾನೇ ಆ ಅಜ್ಜಿಯ ಮನೆಗೆ ಒಯ್ದೆ. ಅವರು ಚಿತ್ರದ ಮುಂದೆ ಕಾಲು ಚಾಚಿ ಕುಳಿತು, ಎಡಗೈಯನ್ನು ಕಲ್ಲಿನ ಬಾಯಿಯವರೆಗೆ ತಂದು, "ನಮ್ಮವ್ವ ಎಡಗೈಲೇ ಮುಕ್ಕು ಹಾಕತಿದ್ಲು" ಎಂದರು. ಈಗ ಬರೆಯುತ್ತಿರುವ ಚಿತ್ರದಲ್ಲಿ ಜೋಳದ ಬುಟ್ಟಿಯನ್ನು ಕಲ್ಲಿನ ಎಡಕ್ಕೆ ಇಟ್ಟಿದ್ದೇನೆ.