ಒಂದೇ ಫಾರಂ, ಎರಡು ಪರದೆ: ಬೆಳೆ ಸಮೀಕ್ಷೆಗೆ ಡಾಟಾ ಎಂಟ್ರಿ ವಿನ್ಯಾಸ

ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಂದ ಬೆಳೆ ವಿವರ ಸಂಗ್ರಹಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಕೆಲವರು ಹೊಲದಲ್ಲೇ ನಿಂತು ಮೊಬೈಲಿನಲ್ಲಿ ಫಾರಂ ತುಂಬುತ್ತಾರೆ. ಕಾಗದದ ಮೇಲೆ ಬರೆದು ತಂದ ವಿವರಗಳನ್ನು ಆಪರೇಟರ್ ಕಚೇರಿಯ ಕಂಪ್ಯೂಟರಿಗೆ ಏರಿಸುತ್ತಾರೆ. ಪ್ರಶ್ನೆಗಳು ಅವೇ ಆದರೂ ಇಬ್ಬರಿಗೂ ಒಂದೇ ಬಗೆಯ ಪರದೆ ಕೊಡುವುದು ಸರಿಯಲ್ಲ. ಎಕ್ಸೆಲ್ ಹಾಳೆಯಲ್ಲೇ ಫಾರಂ ರಚಿಸುವ ಎಕ್ಸ್‌ಎಲ್‌ಎಸ್‌ಫಾರಂ ಪದ್ಧತಿಯಲ್ಲಿ ಪರದೆಯ ರೂಪವನ್ನು 'ಅಪಿಯರೆನ್ಸ್' ಎಂಬ ಕಾಲಂ ನಿರ್ಧರಿಸುತ್ತದೆ.

ಇಂಥ ಫಾರಂಗಳನ್ನು ಮೊಬೈಲಿನಲ್ಲಿ ತುಂಬಲು ಬಳಸುವ ಒಡಿಕೆ ಕಲೆಕ್ಟ್ ಆ್ಯಪ್ ಸಾಮಾನ್ಯವಾಗಿ ಒಂದು ಪರದೆಗೆ ಒಂದೇ ಪ್ರಶ್ನೆ ತೋರಿಸುತ್ತದೆ. ಬಿಸಿಲಿನಲ್ಲಿ ಓದುವವರಿಗೆ ಇದೇ ಅನುಕೂಲ. ಆದರೆ ಸರ್ವೆ ನಂಬರ್, ಹಿಸ್ಸಾ ಮತ್ತು ವಿಸ್ತೀರ್ಣಗಳನ್ನು ಪಹಣಿ ನೋಡಿಕೊಂಡೇ ತುಂಬಬೇಕಾಗುವುದರಿಂದ, ಅವುಗಳನ್ನು ಒಂದು ಗ್ರೂಪ್‌ನೊಳಗೆ ಸೇರಿಸಿ, ಆ ಗ್ರೂಪ್‌ನ ಅಪಿಯರೆನ್ಸ್ ಕಾಲಂನಲ್ಲಿ 'ಫೀಲ್ಡ್-ಲಿಸ್ಟ್' ಎಂದು ಕೊಟ್ಟರೆ ಎಲ್ಲವೂ ಒಂದೇ ಪರದೆಯಲ್ಲಿ ಬರುತ್ತವೆ. ಊರುಗಳ ಪಟ್ಟಿ ಉದ್ದವಿದ್ದರೆ, ಮುಟ್ಟಿದಾಗಷ್ಟೇ ಪಟ್ಟಿ ತೆರೆದುಕೊಳ್ಳುವ 'ಮಿನಿಮಲ್' ಸಾಕು.

ವಿಸ್ತೀರ್ಣದ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಪಹಣಿಯ ರೂಢಿಯಂತೆ 2 ಎಕರೆ 20 ಗುಂಟೆಯನ್ನು 2.20 ಎಂದು ಬರೆದರೆ ಕಂಪ್ಯೂಟರ್ ಅದನ್ನು ದಶಾಂಶವೆಂದೇ ತಿಳಿಯುತ್ತದೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ನಿಜವಾದ ವಿಸ್ತೀರ್ಣ 2.5 ಎಕರೆ. ಆದ್ದರಿಂದ ಎಕರೆಗೊಂದು, ಗುಂಟೆಗೊಂದು ಪ್ರತ್ಯೇಕ ಚೌಕ ಇಟ್ಟು, ಗುಂಟೆಯ ಚೌಕ 40ಕ್ಕಿಂತ ಕಡಿಮೆ ಸಂಖ್ಯೆಯನ್ನಷ್ಟೇ ಸ್ವೀಕರಿಸುವಂತೆ 'ಕನ್‌ಸ್ಟ್ರೇಂಟ್' ಕಾಲಂನಲ್ಲಿ ಮಿತಿ ಹಾಕಬೇಕು. ರೈತರ ಜಮೀನಿನ ಲೆಕ್ಕ ತಪ್ಪದಿರಲು ಇದು ತೀರಾ ಅಗತ್ಯ.

ಕಚೇರಿಯ ಆಪರೇಟರ್‌ಗೆ ಬ್ರೌಸರಿನಲ್ಲಿ ತೆರೆಯುವ ಎನ್‌ಕೀಟೊ ಫಾರಂ ಒಗ್ಗುತ್ತದೆ. ಅದೇ ಎಕ್ಸೆಲ್ ಕಡತದ ಸೆಟ್ಟಿಂಗ್ಸ್ ಹಾಳೆಯ 'ಸ್ಟೈಲ್' ಕಾಲಂನಲ್ಲಿ 'ಥೀಮ್-ಗ್ರಿಡ್' ಎಂದು ಕೊಟ್ಟು, ಅಪಿಯರೆನ್ಸ್ ಕಾಲಂನಲ್ಲಿ ಪ್ರತಿ ಪ್ರಶ್ನೆಗೆ ಡಬ್ಲ್ಯೂ1, ಡಬ್ಲ್ಯೂ2 ಎಂಬಂತೆ ಅಗಲ ಗೊತ್ತುಮಾಡಿದರೆ, ಕಾಗದದ ನಮೂನೆಯಲ್ಲಿರುವಂತೆಯೇ ಸಾಲು ಸಾಲಾಗಿ ಚೌಕಗಳು ಕಾಣಿಸುತ್ತವೆ. ಕಾಗದದಲ್ಲಿರುವ ಕ್ರಮವನ್ನು ಯಾವ ಕಾರಣಕ್ಕೂ ಬದಲಿಸಬಾರದು, ಏಕೆಂದರೆ ಆಪರೇಟರ್‌ನ ಕಣ್ಣು ಕಾಗದದ ಮೇಲಿರುತ್ತದೆಯೇ ಹೊರತು ಪರದೆಯ ಮೇಲಲ್ಲ. ಒಂದೇ ಬಗೆಯ ಆಯ್ಕೆಗಳಿರುವ ಹಲವು ಪ್ರಶ್ನೆಗಳನ್ನು ಕೋಷ್ಟಕವಾಗಿಸುವ 'ಟೇಬಲ್-ಲಿಸ್ಟ್' ಇಲ್ಲಿ ಚೆನ್ನಾಗಿ ಹೊಂದುತ್ತದೆ. ಆದರೆ ಮೊಬೈಲಿನಲ್ಲಿ ಅದು ಬೇಡ: 'ತೊಗರಿ', 'ಮೆಣಸಿನಕಾಯಿ'ಯಂಥ ಹೆಸರುಗಳು ಕಿರಿದಾದ ಕಾಲಂನಲ್ಲಿ ತುಂಡಾಗಿ ಓದಲು ಬರುವುದಿಲ್ಲ.

ಕನ್ನಡದ ಲೇಬಲ್‌ಗಳು ಯೂನಿಕೋಡ್‌ನಲ್ಲೇ ಇರಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನಕಲಿಸಿ ಅಂಟಿಸಿದರೆ ಫಾರಂನಲ್ಲಿ ಅರ್ಥವಾಗದ ಚಿಹ್ನೆಗಳು ಮೂಡುತ್ತವೆ. ಫಾರಂ ಸಿದ್ಧವಾದ ಮೇಲೆ ಅದನ್ನು ತುಂಬುವವರ ಕೈಗೇ ಕೊಟ್ಟು, ಅವರು ಯಾವ ಚೌಕದಲ್ಲಿ ತಡೆದು ನಿಲ್ಲುತ್ತಾರೆಂದು ಗಮನಿಸಿ, ಅಲ್ಲಿ ತಿದ್ದಿ.